ಕ್ರಿಮಿನಾಲಜಿ ಡಿಗ್ರಿ ಕೈಯಲ್ಲಿದೆ, ಕೆಲಸ ಎಲ್ಲಿದೆ?

ಕ್ರಿಮಿನಾಲಜಿ (ಅಪರಾಧಶಾಸ್ತ್ರ) ತಗೊಂಡಿದ್ದೀನಿ ಅಂದ ಕೂಡಲೇ ನೆಂಟರು ಕೇಳುವ ಪ್ರಶ್ನೆ ಒಂದೇ. “ಹಾಗಾದ್ರೆ ಪಿಎಸ್‌ಐ ಆಗ್ತೀಯಾ?” ಹೂಂ ಅಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ. ಕಷ್ಟ ಶುರುವಾಗುವುದು ಡಿಗ್ರಿ ಮುಗಿದ ಮೇಲೆ. ಕರ್ನಾಟಕದಲ್ಲಿ ಪಿಎಸ್‌ಐ ಆಗಲು ಕ್ರಿಮಿನಾಲಜಿ ಬೇಕಾಗಿಯೇ ಇಲ್ಲ. ಬಿಕಾಂ ಮುಗಿಸಿದವರೂ ಬರೆಯಬಹುದು, ಬಿಇ ಮಾಡಿದವರೂ ಬರೆಯಬಹುದು. ಮೂರು ವರ್ಷ ಅಪರಾಧದ ಬಗ್ಗೆಯೇ ಓದಿದವರಿಗೂ ಅವರಿಗೂ ಪರೀಕ್ಷೆ ಹಾಲ್‌ನಲ್ಲಿ ವ್ಯತ್ಯಾಸ ಏನೂ ಇಲ್ಲ.

ನೇರವಾಗಿ ಹೇಳಿಬಿಡುತ್ತೇನೆ. ಸರ್ಕಾರಿ ನೋಟಿಫಿಕೇಷನ್‌ಗಳಲ್ಲಿ ಕ್ರಿಮಿನಾಲಜಿ ಅಂತ ಹೆಸರು ಹಿಡಿದು ಕೇಳುವ ಹುದ್ದೆಗಳು ತೀರಾ ಕಡಿಮೆ. ಈ ಡಿಗ್ರಿಗೆ ಒಂದು ಜೊತೆ ಬೇಕು. ಅದು ಕಾನೂನು ಆಗಬಹುದು, ಸಮಾಜಕಾರ್ಯ ಆಗಬಹುದು, ಲ್ಯಾಬ್ ವಿಜ್ಞಾನ, ಕಂಪ್ಯೂಟರ್, ಅಥವಾ ಮೈದಾನದಲ್ಲಿ ಓಡುವ ತಾಕತ್ತು ಆಗಬಹುದು. ಯಾವುದು ಅಂತ ಎರಡನೇ ವರ್ಷದಲ್ಲೇ ತೀರ್ಮಾನ ಮಾಡಿದವರು ಮುಂದೆ ಹೋಗುತ್ತಾರೆ. ಡಿಗ್ರಿ ಮುಗಿಸಿ “ನೋಡೋಣ” ಅಂದುಕೊಂಡವರು ಕೋಚಿಂಗ್ ಸೆಂಟರ್ ಸುತ್ತ ವರ್ಷಗಟ್ಟಲೆ ಓಡಾಡುತ್ತಾರೆ.

ಹೆಜ್ಜೆ 1: ನಿಮ್ಮ ಡಿಗ್ರಿಯಲ್ಲಿ ಏನಿದೆ ಅಂತ ಮೊದಲು ನೋಡಿ

ಬಿಎಯಲ್ಲಿ ಕ್ರಿಮಿನಾಲಜಿ ಒಂದು ಐಚ್ಛಿಕ ವಿಷಯವಾಗಿ ಓದಿದ್ದು ಬೇರೆ, ಬಿಎಸ್‌ಸಿಯಲ್ಲಿ ಫೊರೆನ್ಸಿಕ್ ಸೈನ್ಸ್ ಜೊತೆ ಓದಿದ್ದು ಬೇರೆ. ಮುಂದಿನ ದಾರಿ ಇಲ್ಲೇ ಕವಲೊಡೆಯುತ್ತದೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆ ಹಳೆಯ ವಿಭಾಗವೇ ಇದೆ. ಮಂಗಳೂರಿನ ರೋಶನಿ ನಿಲಯದಲ್ಲಿ ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಸೈನ್ಸ್‌ನಲ್ಲಿ ಎಂಎಸ್‌ಸಿ ಇದೆ. ಗಾಂಧಿನಗರದ ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಈಗ ಧಾರವಾಡಕ್ಕೂ ಬಂದಿದೆ. ಅಂದರೆ ಓದಲು ಜಾಗ ಇದೆ. ಆದರೆ ಬಿಎ ಓದಿದ ಎಷ್ಟೋ ಮಂದಿ ಟಿವಿಯಲ್ಲಿ ಲ್ಯಾಬ್, ಬೆರಳಚ್ಚು, ಡಿಎನ್‌ಎ ನೋಡಿ ಎಂಎಸ್‌ಸಿ ಫೊರೆನ್ಸಿಕ್‌ಗೆ ಅರ್ಜಿ ಹಾಕಲು ಹೋಗಿ ವಾಪಸ್ ಬರುತ್ತಾರೆ. ಅಲ್ಲಿ ಸಾಮಾನ್ಯವಾಗಿ ವಿಜ್ಞಾನದ ಪದವಿ ಕೇಳುತ್ತಾರೆ. ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ಎಫ್‌ಎಸ್‌ಎಲ್, ಅಂದರೆ ಫೊರೆನ್ಸಿಕ್ ಪ್ರಯೋಗಾಲಯದ ಒಳಗೆ ನಡೆಯುವ ಕೆಲಸ ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್‌ನದು. ಅಪರಾಧ ಯಾಕೆ ನಡೆಯಿತು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ರಕ್ತದ ಕಲೆ ಯಾರದ್ದು ಅಂತ ಕೇಳುತ್ತಾರೆ.

ವಿಜ್ಞಾನ ಓದಿದವರಿಗೆ ಮಾತ್ರ ಇದು ಒಳ್ಳೆಯ ಕಾಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಸಮಯ ಕೊಟ್ಟಿದ್ದಾರೆ. ಕರ್ನಾಟಕ ಪೊಲೀಸ್ ಇದಕ್ಕೂ ಮೊದಲೇ ‘ಸೀನ್ ಆಫ್ ಕ್ರೈಮ್ ಆಫೀಸರ್’ ಅಂತ 206 ಹುದ್ದೆಗೆ ನೇಮಕಾತಿ ಕರೆದಿತ್ತು. ಇಂಥ ಹುದ್ದೆಗಳು ಮುಂದೆಯೂ ಬರಲೇಬೇಕು, ಯಾಕೆಂದರೆ ಕಾನೂನೇ ಹಾಗೆ ಹೇಳುತ್ತಿದೆ.

ಬಿಎ ಓದಿದವರು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಬಲ ಮನುಷ್ಯರ ಕಡೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೆಜ್ಜೆ 2: ವಯಸ್ಸಿನ ಗೇಟು ಎಲ್ಲಿ ಬೇಗ ಮುಚ್ಚುತ್ತದೆ ನೋಡಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ನಿಮ್ಮ ಹುಟ್ಟಿದ ದಿನಾಂಕ ಬರೆಯಿರಿ. ಅದರ ಕೆಳಗೆ ಪರೀಕ್ಷೆಗಳನ್ನು ವಯಸ್ಸಿನ ಮಿತಿಯ ಪ್ರಕಾರ ಬರೆಯಿರಿ, ನಿಮ್ಮ ಇಷ್ಟದ ಪ್ರಕಾರ ಅಲ್ಲ.

ದೆಹಲಿ ಪೊಲೀಸ್ ಮತ್ತು ಕೇಂದ್ರ ಪಡೆಗಳ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ನಡೆಸುವ ಸಿಪಿಒ ಪರೀಕ್ಷೆಗೆ 20ರಿಂದ 25 ವರ್ಷ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳಲ್ಲಿ ಅಸಿಸ್ಟೆಂಟ್ ಕಮಾಂಡೆಂಟ್ ಆಗಲು ಯುಪಿಎಸ್‌ಸಿ ನಡೆಸುವ ಸಿಎಪಿಎಫ್ ಪರೀಕ್ಷೆಗೂ ಅಷ್ಟೇ. ಹಿಂದುಳಿದ ವರ್ಗದವರಿಗೆ 3 ವರ್ಷ, ಎಸ್‌ಸಿ, ಎಸ್‌ಟಿಯವರಿಗೆ 5 ವರ್ಷ ಸಡಿಲಿಕೆ ಇದೆ. ಸಿಬಿಐ ಸಬ್ ಇನ್‌ಸ್ಪೆಕ್ಟರ್ ಹುದ್ದೆ ಪದವೀಧರರಿಗೆ ಎಸ್‌ಎಸ್‌ಸಿ ನಡೆಸುವ ಸಿಜಿಎಲ್ ಪರೀಕ್ಷೆಯಲ್ಲಿ ಬರುತ್ತದೆ, ಎನ್‌ಐಎ ಸಬ್ ಇನ್‌ಸ್ಪೆಕ್ಟರ್ ಕೂಡ ಅದರಲ್ಲೇ. ಅಲ್ಲಿ ಸಿಬಿಐಗೆ 30ರವರೆಗೆ ಅವಕಾಶ. ಸಿಬಿಐಗೆ ಬೇರೆ ಯಾವುದೋ ಗುಟ್ಟಿನ ದಾರಿ ಇದೆ ಅಂತ ನಂಬಿರುವ ಹುಡುಗರು ಈಗಲೂ ಸಿಗುತ್ತಾರೆ. ಇಲ್ಲಪ್ಪ, ಗಣಿತ, ಇಂಗ್ಲಿಷ್, ರೀಸನಿಂಗ್ ಇರುವ ಅದೇ ಸಿಜಿಎಲ್.

ನಮ್ಮ ಕಡೆಯ ಹುಡುಗರು ಹುಡುಗಿಯರು ಊರಿನ ಪಿಎಸ್‌ಐ ಒಂದನ್ನೇ ಕಾಯುತ್ತಾ ಕೂತು, 26ಕ್ಕೆ ಬಂದಾಗ ಕೇಂದ್ರದ ಗೇಟು ಮುಚ್ಚಿದ್ದನ್ನು ನೋಡುತ್ತಾರೆ. ಮೊದಲು ಬೇಗ ಮುಚ್ಚುವ ಗೇಟಿಗೆ ಹೋಗಿ.

ಇನ್ನೊಂದು ಮಾತು. ಯುಪಿಎಸ್‌ಸಿ ಸಿವಿಲ್ ಸರ್ವಿಸ್‌ನ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕ್ರಿಮಿನಾಲಜಿ ಇಲ್ಲ. ಸಮಾಜಶಾಸ್ತ್ರ, ಮನಃಶಾಸ್ತ್ರ, ಕಾನೂನು ಇವೆ. ಐಪಿಎಸ್ ಕನಸು ಇದ್ದರೆ ಬಿಎ ಕಾಂಬಿನೇಷನ್‌ನಲ್ಲಿ ಇವುಗಳಲ್ಲಿ ಒಂದನ್ನು ಸೇರಿಸಿಕೊಳ್ಳುವುದು ಜಾಣತನ.

ಹೆಜ್ಜೆ 3: ಪಿಎಸ್‌ಐ ಬೇಕಾದರೆ ಲೆಕ್ಕ ಹಾಕಿ ಇಳಿಯಿರಿ

ಪಿಎಸ್‌ಐ ಸಿವಿಲ್ ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಮೊದಲನೆಯದು 50 ಅಂಕದ್ದು: ಪ್ರಬಂಧ, ಸಂಕ್ಷಿಪ್ತ ಬರಹ, ಕನ್ನಡದಿಂದ ಇಂಗ್ಲಿಷ್‌ಗೆ ಮತ್ತು ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ. ಎರಡನೆಯದು 150 ಅಂಕದ ಸಾಮಾನ್ಯ ಜ್ಞಾನ. ಓಟದಲ್ಲಿ ಗಂಡಸರಿಗೆ 1600 ಮೀಟರ್ 7 ನಿಮಿಷದಲ್ಲಿ, ಹೆಂಗಸರಿಗೆ 400 ಮೀಟರ್ 2 ನಿಮಿಷದಲ್ಲಿ. ಎತ್ತರ ಗಂಡಸರಿಗೆ 168 ಸೆಂಟಿಮೀಟರ್, ಹೆಂಗಸರಿಗೆ 157. ಎತ್ತರದ ಅಳತೆಯನ್ನು ಇವತ್ತೇ ಗೋಡೆಗೆ ನಿಂತು ನೋಡಿಕೊಳ್ಳಿ. ಎರಡು ವರ್ಷ ಓದಿ, ಅಳತೆಯ ದಿನ ಅರ್ಧ ಇಂಚು ಕಮ್ಮಿ ಅಂತ ವಾಪಸ್ ಬರುವುದು ಬೇಡ. ಸಡಿಲಿಕೆ ಯಾರಿಗಿದೆ, ವಯಸ್ಸಿನ ಮಿತಿ ಎಷ್ಟು ಎನ್ನುವುದನ್ನು ಆಯಾ ವರ್ಷದ ನೋಟಿಫಿಕೇಷನ್‌ನಲ್ಲೇ ಓದಿ, ಯೂಟ್ಯೂಬ್‌ನಲ್ಲಿ ಅಲ್ಲ.

ಕಾಯುವ ಕಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. 545 ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಬರೆದು ಪಾಸಾಗಿದ್ದವರೂ ಅಷ್ಟು ದಿನ ಕಾದರು. ಹೀಗೆ ಮತ್ತೆ ಆಗುವುದಿಲ್ಲ ಅಂತ ಯಾರೂ ಬರೆದುಕೊಡಲಾರರು. ಅದಕ್ಕೇ ಹೇಳುವುದು: ಪಿಎಸ್‌ಐಗೆ ಓದಿ, ಆದರೆ ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಂದು ಕೆಲಸವೋ ಒಂದು ಕೋರ್ಸೋ ನಡೆಯುತ್ತಿರಲಿ. ಸುಮ್ನೆ ರೂಮ್ ಮಾಡಿಕೊಂಡು ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದಲ್ಲೋ ಕೂರಬೇಡಿ.

ಹೆಜ್ಜೆ 4: ನೀವು ಓದಿದ್ದು ನಿಜವಾಗಿ ಬೇಕಾಗುವ ಜಾಗ, ಮಕ್ಕಳ ರಕ್ಷಣೆ

ಕ್ರಿಮಿನಾಲಜಿ ವಿದ್ಯಾರ್ಥಿಗಳು ಅತಿ ಕಡಿಮೆ ಯೋಚಿಸುವ ಜಾಗ ಇದು. ನನ್ನ ಲೆಕ್ಕದಲ್ಲಿ ಓದಿದ್ದು ಅತಿ ಜಾಸ್ತಿ ಉಪಯೋಗಕ್ಕೆ ಬರುವುದೂ ಇಲ್ಲೇ.

ಪ್ರತಿ ಜಿಲ್ಲೆಯಲ್ಲೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇರುತ್ತದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ರಕ್ಷಣಾಧಿಕಾರಿ, ಆಪ್ತ ಸಮಾಲೋಚಕ, ಸಮಾಜ ಕಾರ್ಯಕರ್ತ, ಔಟ್‌ರೀಚ್ ವರ್ಕರ್ ಹುದ್ದೆಗಳನ್ನು ತುಂಬುತ್ತಾರೆ. ಹೆಚ್ಚಿನವು ಗುತ್ತಿಗೆಯವು. ಸಂಬಳ ದೊಡ್ಡದಲ್ಲ, ಕೆಲಸ ದೊಡ್ಡದು. ಹುದ್ದೆ ಖಾಲಿ ಇರುವ ಪ್ರಕಟಣೆ ಜಿಲ್ಲಾ ಮಟ್ಟದಲ್ಲೇ ಬರುತ್ತದೆ, ಎಷ್ಟೋ ಸಲ ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ. ಜಿಲ್ಲೆಯ ವೆಬ್‌ಸೈಟ್‌ನ ನೇಮಕಾತಿ ಪುಟವನ್ನು ವಾರಕ್ಕೊಮ್ಮೆ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕೆಲಸ ಹೇಗಿರುತ್ತದೆ? ಒಂದು ಉದಾಹರಣೆ ಇಟ್ಟುಕೊಳ್ಳೋಣ. 16 ವರ್ಷದ ಹುಡುಗ ಬೈಕ್ ಕದ್ದು ಸಿಕ್ಕಿಬಿದ್ದಿದ್ದಾನೆ. ಬಾಲ ನ್ಯಾಯ ಮಂಡಳಿಯ ಮುಂದೆ ತರುತ್ತಾರೆ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರ್, 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಪೊಲೀಸರ ಕಾಗದದಲ್ಲಿ “ಬೈಕ್ ಕಳವು, ಇದು ಮೂರನೇ ಸಲ” ಅಂತಷ್ಟೇ ಇರುತ್ತದೆ. ನೀವು ಅವನ ಮನೆಗೆ ಹೋಗುತ್ತೀರಿ. ಅಪ್ಪ ಇಲ್ಲ. ಅಮ್ಮ ಬೆಳಿಗ್ಗೆ ಐದಕ್ಕೆ ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ. ಎಂಟನೇ ಕ್ಲಾಸಿನಲ್ಲಿ ಊರು ಬದಲಾದಾಗ ಟಿಸಿ ಸಿಗದೆ ಸ್ಕೂಲು ನಿಂತಿತು. ಕದ್ದ ಬೈಕಿನಿಂದ ಅವನಿಗೆ ಸಿಕ್ಕಿದ್ದು ಮೂರು ಸಾವಿರ. ಕೊಂಡವನು ಬಡಾವಣೆಯ ಆಚೆ ಗ್ಯಾರೇಜ್ ಇಟ್ಟಿರುವ ದೊಡ್ಡ ಮನುಷ್ಯ. ಮೂರು ಸಲವೂ ಕೊಂಡಿದ್ದು ಅವನೇ.

ಸದರ್ಲೆಂಡ್ ಅನ್ನುವ ಅಪರಾಧಶಾಸ್ತ್ರಜ್ಞನ ಸಿದ್ಧಾಂತ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದಿರಲ್ಲ, ಅಪರಾಧವನ್ನು ಸಹವಾಸದಲ್ಲಿ ಕಲಿಯುತ್ತಾರೆ ಅಂತ? ಅದು ಈ ಗ್ಯಾರೇಜು. ನಿಮ್ಮ ವರದಿಯಲ್ಲಿ ಆ ಗ್ಯಾರೇಜ್ ಬರದೇ ಹೋದರೆ ಮಂಡಳಿಗೆ ಕಾಣುವುದು ಮೂರು ಸಲ ಕದ್ದ ಹುಡುಗ ಮಾತ್ರ. ಬಂದರೆ ಅವನನ್ನು ಆ ಸಹವಾಸದಿಂದ ಬಿಡಿಸಿ, ನಿಗಾದಲ್ಲಿಟ್ಟು, ಮತ್ತೆ ಸ್ಕೂಲಿಗೋ ತರಬೇತಿಗೋ ಸೇರಿಸುವ ದಾರಿ ತೆರೆಯುತ್ತದೆ. ವರದಿಗೆ ನಿಗದಿ ನಮೂನೆ ಇದೆ, ಕುಟುಂಬ, ಓದು, ಗೆಳೆಯರು, ಚಟ ಎಲ್ಲದಕ್ಕೂ ಖಾನೆ ಇದೆ. “ಬಡತನವೇ ಕಾರಣ” ಅಂತ ಒಂದು ಸಾಲು ಬರೆದು ಮುಗಿಸುವವರೂ ಇದ್ದಾರೆ. ಅದು ವರದಿಯಲ್ಲ, ಸಹಿ.

ಇಲ್ಲಿಗೆ ಹೋಗಬೇಕಾದರೆ ಜೊತೆ ಯಾವುದು? ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಕ್ರಿಮಿನಾಲಜಿ ಬಿಎ ಮೇಲೆ ಎಂಎಸ್‌ಡಬ್ಲ್ಯೂ ಮಾಡಿದವರಿಗೆ ಈ ಕಡೆ ಅರ್ಹತೆಯ ತಕರಾರು ಕಡಿಮೆ. ಹೊರಗೆ ಹೋಗಿ ಓದುವ ಮನಸ್ಸಿದ್ದರೆ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಸಮಾಜಕಾರ್ಯದೊಳಗೇ ಅಪರಾಧ ಮತ್ತು ನ್ಯಾಯವನ್ನು ವಿಶೇಷವಾಗಿ ಓದುವ ಸಂಪ್ರದಾಯ ಇದೆ. ಅಲ್ಲಿನ ‘ಪ್ರಯಾಸ್’ ಯೋಜನೆ 1990ರಿಂದ ಕೈದಿಗಳ ನಡುವೆ ಕೆಲಸ ಮಾಡುತ್ತಿದೆ. ಕಾನೂನು ಕಂ ಪರಿವೀಕ್ಷಣಾಧಿಕಾರಿ ಅನ್ನುವ ಹುದ್ದೆಗೆ ಮಾತ್ರ ಎಲ್‌ಎಲ್‌ಬಿ ಬೇಕು.

ಸರ್ಕಾರಿ ಕೆಲಸವೇ ಆಗಬೇಕೆಂದಿಲ್ಲ. ಮೈಸೂರಿನ ಒಡನಾಡಿ ಮಾನವ ಕಳ್ಳಸಾಗಣೆ ವಿಷಯದಲ್ಲಿ, ಬೆಂಗಳೂರಿನ ಎನ್‌ಫೋಲ್ಡ್ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿವೆ. ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣಗಳಲ್ಲಿ ಮಗುವಿನ ಜೊತೆ ಠಾಣೆಗೂ ಕೋರ್ಟಿಗೂ ಹೋಗುವ ‘ಬೆಂಬಲ ವ್ಯಕ್ತಿ’ಯ ಅಗತ್ಯ ಎಲ್ಲ ಜಿಲ್ಲೆಗಳಲ್ಲೂ ಇದೆ. ಇಂಟರ್ನ್‌ಶಿಪ್‌ಗೆ ಹೋದಾಗ ಒಂದು ಎಚ್ಚರ. ಮಗುವಿನ ಹೆಸರು, ಸ್ಕೂಲು, ಫೋಟೋ, ಗುರುತು ಸಿಗುವ ಯಾವುದೂ ಹೊರಗೆ ಹೋಗಬಾರದು, ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅದಕ್ಕೆ ಶಿಕ್ಷೆ ಇಟ್ಟಿದೆ. ವೀಕ್ಷಣಾಲಯದ (ವಿಚಾರಣೆಯ ಹೊತ್ತಿನಲ್ಲಿ ಮಕ್ಕಳನ್ನು ಇರಿಸುವ ಗೃಹ) ಗೇಟಿನ ಮುಂದೆ ಮಕ್ಕಳ ಜೊತೆ ಸೆಲ್ಫಿ ತೆಗೆದು ಸ್ಟೇಟಸ್ ಹಾಕುವ ಉತ್ಸಾಹ ಬೇಡ.

ಹೆಜ್ಜೆ 5: ಜೈಲಿನ ಬಾಗಿಲು

ಜೈಲರ್, ಸಹಾಯಕ ಜೈಲರ್ ಹುದ್ದೆಗಳಿಗೆ ಕಾರಾಗೃಹ ಇಲಾಖೆ ಆಗಾಗ ನೇಮಕಾತಿ ಮಾಡುತ್ತದೆ. ಅಧಿಕಾರಿಗಳ ತರಬೇತಿಗೆ ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿ ವೆಲ್ಲೂರಿನಲ್ಲಿ ಒಂದು ಅಕಾಡೆಮಿ ಇದೆ. ನೇಮಕಾತಿ ಪೊಲೀಸ್‌ನಷ್ಟು ದೊಡ್ಡ ಸಂಖ್ಯೆಯಲ್ಲಿ ಬರುವುದಿಲ್ಲ, ಅದನ್ನೊಂದೇ ನಂಬಿ ಕೂರುವಂತಿಲ್ಲ.

ಆದರೆ ಜೈಲಿನ ಕೆಲಸ ಅಂದರೆ ಖಾಕಿ ಮಾತ್ರ ಅಲ್ಲ. 2022ರಲ್ಲಿ ದೇಶದ ಜೈಲುಗಳಲ್ಲಿದ್ದವರಲ್ಲಿ ನೂರಕ್ಕೆ 75 ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ತಪ್ಪು ಸಾಬೀತಾಗದವರು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಮೊದಲ ಬಾರಿ ಪ್ರಕರಣ ಎದುರಿಸುವವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಅರ್ಹರು, ಉಳಿದವರು ಅರ್ಧ ಕಳೆದ ಮೇಲೆ. ಮರಣದಂಡನೆ, ಜೀವಾವಧಿಯಂಥ ಪ್ರಕರಣಗಳು ಇದರಿಂದ ಹೊರಗೆ. ಯಾರು ಅರ್ಹರು ಅಂತ ಕೂತು ಪಟ್ಟಿ ಮಾಡಲು ಜನ ಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ (ಕಾನೂನು ನೆರವಿನ ಸ್ವಯಂಸೇವಕ) ಆಗಿ ಸೇರಿದರೆ ಜೈಲಿನ ಒಳಗೆ ಇಂಥ ಕೆಲಸ ನೋಡುವ ಅವಕಾಶ ಸಿಗುತ್ತದೆ. ಸಿಗುವುದು ಗೌರವಧನ ಅಷ್ಟೇ. ರೆಸ್ಯೂಮೆಯಲ್ಲಿ ಮಾತ್ರ ಅದು ಹತ್ತು ಆನ್‌ಲೈನ್ ಸರ್ಟಿಫಿಕೇಟ್‌ಗಿಂತ ಜಾಸ್ತಿ ತೂಗುತ್ತದೆ.

ಹೆಜ್ಜೆ 6: ಖಾಸಗಿ ಕಡೆ ನೋಡಿದರೆ, ಹಣ ಇರುವ ಜಾಗ

ಬೆಂಗಳೂರಿನಲ್ಲಿ ಇದ್ದುಕೊಂಡು ಈ ದಾರಿ ನೋಡದೇ ಇರುವುದು ದಡ್ಡತನ. ಬ್ಯಾಂಕುಗಳು, ಪೇಮೆಂಟ್ ಕಂಪನಿಗಳು, ವಿದೇಶಿ ಬ್ಯಾಂಕುಗಳ ಇಲ್ಲಿನ ಆಫೀಸುಗಳು, ದೊಡ್ಡ ಆಡಿಟ್ ಸಂಸ್ಥೆಗಳ ಫೊರೆನ್ಸಿಕ್ ವಿಭಾಗಗಳು, ಎಲ್ಲ ಕಡೆ ವಂಚನೆ ಪತ್ತೆ ಹಚ್ಚುವ ತಂಡಗಳಿವೆ. ಜಾಹೀರಾತಿನಲ್ಲಿ ಹೆಸರು ಫ್ರಾಡ್ ಅನಲಿಸ್ಟ್, ಎಎಂಎಲ್ (ಅಕ್ರಮ ಹಣ ವರ್ಗಾವಣೆ ತಡೆ) ಅನಲಿಸ್ಟ್, ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ಅನಲಿಸ್ಟ್, ಟ್ರಸ್ಟ್ ಅಂಡ್ ಸೇಫ್ಟಿ (ಆನ್‌ಲೈನ್ ಬಳಕೆದಾರರ ಸುರಕ್ಷತೆ) ಅಂತ ಇರುತ್ತದೆ. ಹುಡುಕುವಾಗ ಈ ಪದಗಳನ್ನೇ ಹಾಕಿ. “ಕ್ರಿಮಿನಾಲಜಿ ಜಾಬ್ಸ್” ಅಂತ ಹುಡುಕಿದರೆ ಏನೂ ಸಿಗುವುದಿಲ್ಲ.

ದಿನದ ಕೆಲಸ ಹೀಗಿರುತ್ತದೆ. ಸ್ಕ್ರೀನ್ ಮೇಲೆ ಒಂದು ಅಲರ್ಟ್ ಬಂತು ಅನ್ನಿ. ಕಾಲೇಜು ಹುಡುಗನ ಸೇವಿಂಗ್ಸ್ ಖಾತೆ, ತಿಂಗಳಿಗೆ ಎರಡು ಮೂರು ಸಾವಿರ ಓಡಾಡುತ್ತಿತ್ತು. ಒಂದು ಶನಿವಾರ ರಾತ್ರಿ ಬೇರೆ ಬೇರೆ ರಾಜ್ಯಗಳಿಂದ ಐವತ್ತು ಜಮೆ, ಒಟ್ಟು ನಾಲ್ಕು ಲಕ್ಷ. ಅರ್ಧ ಗಂಟೆಯಲ್ಲಿ ಖಾತೆ ಖಾಲಿ. ನೀವು ನೋಡಬೇಕಾದದ್ದು: ಮೊಬೈಲ್ ನಂಬರ್ ಇತ್ತೀಚೆಗೆ ಬದಲಾಗಿದೆಯಾ? ಖಾತೆ ಮೈಸೂರಿನದು, ಲಾಗಿನ್ ಎಲ್ಲಿಂದ? ಹಣ ಹೋದ ಖಾತೆಗಳಿಗೂ ಇದೇ ಚರಿತ್ರೆ ಇದೆಯಾ? ಇದಕ್ಕೆ ಮ್ಯೂಲ್ ಅಕೌಂಟ್ ಅನ್ನುತ್ತಾರೆ. ವಂಚಕರು ಕಮಿಷನ್ ಆಸೆ ತೋರಿಸಿ ಹುಡುಗರ ಖಾತೆಯನ್ನು ಬಾಡಿಗೆಗೆ ತೆಗೆದುಕೊಂಡಿರುತ್ತಾರೆ. ಅನುಮಾನ ಗಟ್ಟಿಯಾದರೆ, ಯಾಕೆ ಅನುಮಾನ ಅಂತ ಸ್ಪಷ್ಟವಾಗಿ ಬರೆದು ಮೇಲೆ ಕಳಿಸಬೇಕು. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ ಬ್ಯಾಂಕ್ ಅದನ್ನು ಕೇಂದ್ರದ ಎಫ್‌ಐಯುಗೆ (ಹಣಕಾಸು ಗುಪ್ತಚರ ಘಟಕ) ವರದಿ ಮಾಡಬೇಕಾಗುತ್ತದೆ.

ಇದಕ್ಕೆ ಬೇಕಾದ ಜೊತೆ: ಎಕ್ಸೆಲ್ ಚೆನ್ನಾಗಿ ಬರಬೇಕು, ಸ್ವಲ್ಪ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಬಂದರೆ ಇನ್ನೂ ಒಳ್ಳೆಯದು, ಇಂಗ್ಲಿಷ್‌ನಲ್ಲಿ ಒಂದು ಪುಟ ತಪ್ಪಿಲ್ಲದೆ ಬರೆಯಲು ಬರಬೇಕು. ನಮ್ಮ ಕಾಲೇಜುಗಳಲ್ಲಿ ಮೂರನ್ನೂ ಕಲಿಸುವುದಿಲ್ಲ, ನೀವೇ ಕಲಿಯಬೇಕು. ಸಿಎಫ್‌ಇ (ವಂಚನೆ ಪತ್ತೆಗೆ), ಕ್ಯಾಮ್ಸ್ (ಅಕ್ರಮ ಹಣ ತಡೆಗೆ) ಅಂತ ಅಂತರರಾಷ್ಟ್ರೀಯ ಸರ್ಟಿಫಿಕೇಟ್‌ಗಳಿವೆ, ದುಬಾರಿ. ಕೆಲಸಕ್ಕೆ ಸೇರಿದ ಮೇಲೆ ಮಾಡಿ. ಎಷ್ಟೋ ಕಂಪನಿಗಳು ಆ ಖರ್ಚನ್ನು ತಾವೇ ಕೊಡುತ್ತವೆ.

ಟ್ರಸ್ಟ್ ಅಂಡ್ ಸೇಫ್ಟಿ ಕೆಲಸದ ಬಗ್ಗೆ ಒಂದು ಎಚ್ಚರ. ಅದರಲ್ಲಿ ಕೆಲವು ಹುದ್ದೆಗಳು ದಿನವಿಡೀ ಹಿಂಸೆಯ ವಿಡಿಯೋ ನೋಡಿ ತೆಗೆಯುವವು. ಇಂಟರ್‌ವ್ಯೂನಲ್ಲೇ ಯಾವ ಥರದ ಕಂಟೆಂಟ್, ಕೌನ್ಸೆಲಿಂಗ್ ಇದೆಯಾ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಆ ಕಡೆ ಹೋಗಬೇಡಿ.

ಪ್ರೈವೇಟ್ ಡಿಟೆಕ್ಟಿವ್? ನಮ್ಮ ದೇಶದಲ್ಲಿ ಅವರಿಗೆ ಅಂತ ಪ್ರತ್ಯೇಕ ಕಾನೂನೇ ಇಲ್ಲ, 2007ರ ಮಸೂದೆ ಕಾಯ್ದೆಯಾಗಲಿಲ್ಲ. ಮದುವೆಗೆ ಮುಂಚಿನ ವಿಚಾರಣೆ, ಉದ್ಯೋಗಿಗಳ ಹಿನ್ನೆಲೆ ಪರಿಶೀಲನೆ ಇಷ್ಟರಲ್ಲೇ ಹೆಚ್ಚಿನ ವ್ಯಾಪಾರ. ಯಾರಾದರೂ ಕಾಲ್ ರೆಕಾರ್ಡ್ ತೆಗೆಸಿಕೊಡು ಅಂದರೆ ಅದು ಅಪರಾಧ. ಅದಕ್ಕಾಗಿ ಡಿಟೆಕ್ಟಿವ್‌ಗಳು ಜೈಲಿಗೆ ಹೋಗಿದ್ದಾರೆ.

ಹೆಜ್ಜೆ 7: ಎಲ್‌ಎಲ್‌ಬಿ, ಪಾಠ ಮಾಡುವುದು, ಉಳಿದದ್ದು

ಏನೂ ತೋಚದಿದ್ದರೆ ಮೂರು ವರ್ಷದ ಎಲ್‌ಎಲ್‌ಬಿ ಕೆಟ್ಟ ಆಯ್ಕೆ ಅಲ್ಲ. ಸಾಮಾನ್ಯ ವರ್ಗದವರಿಗೆ ಡಿಗ್ರಿಯಲ್ಲಿ 45 ಪರ್ಸೆಂಟ್ ಬೇಕು. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳು ಬಹಳಷ್ಟು ಜಿಲ್ಲೆಗಳಲ್ಲಿವೆ. ಸರ್ಕಾರಿ ಅಭಿಯೋಜಕರ ಹುದ್ದೆಗೆ, ನ್ಯಾಯಾಧೀಶರ ಹುದ್ದೆಗೆ ಅದೇ ಮೆಟ್ಟಿಲು.

ಪಾಠ ಮಾಡುವ ಆಸೆ ಇದ್ದವರು ಮೊದಲೇ ತಿಳಿದುಕೊಳ್ಳಿ: ಹೈಸ್ಕೂಲಿನಲ್ಲೂ ಪಿಯುಸಿಯಲ್ಲೂ ಈ ವಿಷಯ ಇಲ್ಲ. ಬಿಎಡ್ ಮಾಡಿದರೆ ನಿಮ್ಮ ಇನ್ನೊಂದು ಐಚ್ಛಿಕ ವಿಷಯದ ಮೇಲೆ ನಿಲ್ಲಬೇಕು. ಡಿಗ್ರಿ ಕಾಲೇಜಿಗೆ ಎಂಎ ಮತ್ತು ಯುಜಿಸಿ ನೆಟ್. ನೆಟ್‌ನಲ್ಲಿ ಕ್ರಿಮಿನಾಲಜಿಯ ಕೋಡ್ 68, ಫೊರೆನ್ಸಿಕ್ ಸೈನ್ಸ್‌ನದು 82. ಪಾಸಾದರೂ ಕಾಲೇಜುಗಳು ಕಡಿಮೆ, ಕಾಯಂ ಹುದ್ದೆ ಇನ್ನೂ ಕಡಿಮೆ. ಅತಿಥಿ ಉಪನ್ಯಾಸಕರಾಗಿ ಎಷ್ಟು ವರ್ಷ ಇರಬಲ್ಲೆ ಅಂತ ಮನೆಯಲ್ಲಿ ಕೂತು ಮಾತಾಡಿ.

ವಿದೇಶದಲ್ಲಿ ಎಂಎಸ್‌ಸಿ ಮಾಡಿ ಅಲ್ಲೇ ಪೊಲೀಸ್ ಕಡೆ ಹೋಗೋಣ ಅನ್ನುವವರು ಸಾಲ ಮಾಡುವ ಮೊದಲು ಒಂದು ವಿಷಯ ನೋಡಿ. ಅಮೆರಿಕದಲ್ಲಿ ಎಫ್‌ಬಿಐ ಸೇರಲು ಅಲ್ಲಿನ ಪೌರತ್ವ ಬೇಕು, ಬ್ರಿಟನ್‌ನಲ್ಲಿ ಪೊಲೀಸ್ ಆಗಲು ಕಾಯಂ ವಾಸದ ಹಕ್ಕಾದರೂ ಬೇಕು. ಸ್ಟೂಡೆಂಟ್ ವೀಸಾದಲ್ಲಿ ಹೋದವರಿಗೆ ಉಳಿಯುವುದು ಮತ್ತೆ ಬ್ಯಾಂಕ್, ಡೇಟಾ, ಸೈಬರ್ ಕೆಲಸಗಳೇ.

ಹೆಜ್ಜೆ 8: ಅರ್ಜಿ ಹಾಕುವ ಮುನ್ನ ‘ತತ್ಸಮಾನ’ದ ತಕರಾರು ಬಗೆಹರಿಸಿಕೊಳ್ಳಿ

ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಸೈನ್ಸ್ ಅಂತ ಮಾರ್ಕ್ಸ್ ಕಾರ್ಡಿನಲ್ಲಿ ಇದೆ, ನೋಟಿಫಿಕೇಷನ್ ಬರೀ ಫೊರೆನ್ಸಿಕ್ ಸೈನ್ಸ್ ಕೇಳಿದೆ ಅಂದುಕೊಳ್ಳಿ. ಅಥವಾ ಸಮಾಜಕಾರ್ಯ, ಸಮಾಜಶಾಸ್ತ್ರ “ಅಥವಾ ತತ್ಸಮಾನ” ಅಂತ ಬರೆದಿದೆ. ದಾಖಲೆ ಪರಿಶೀಲನೆಯ ದಿನ ಟೇಬಲ್ ಆಚೆ ಕೂತವರಿಗೆ ನಿಮ್ಮ ಕೋರ್ಸ್ ಏನು ಅಂತ ಗೊತ್ತಿರುವುದಿಲ್ಲ. ಆ ದಿನ ವಾದ ಮಾಡಿ ಪ್ರಯೋಜನ ಇಲ್ಲ.

ಮೂರು ಕಾಗದ ಈಗಲೇ ಮಾಡಿಸಿಡಿ. ವಿಶ್ವವಿದ್ಯಾಲಯದ ಸೀಲು ಇರುವ ಪೂರ್ತಿ ಸಿಲಬಸ್. ನಿಮ್ಮ ಕೋರ್ಸ್ ಯಾವುದಕ್ಕೆ ಸಮಾನ ಅಂತ ರಿಜಿಸ್ಟ್ರಾರ್ ಕಚೇರಿ ಕೊಟ್ಟ ಪತ್ರ. ಇಂಟರ್ನ್‌ಶಿಪ್ ಮಾಡಿದ ಕಡೆಯಿಂದ ದಿನಾಂಕ, ಮಾಡಿದ ಕೆಲಸ ಎರಡೂ ಇರುವ ಪ್ರಮಾಣಪತ್ರ, ಬರೀ “ಯಶಸ್ವಿಯಾಗಿ ಮುಗಿಸಿದ್ದಾರೆ” ಅಂತ ಅಲ್ಲ. ನೋಟಿಫಿಕೇಷನ್ ಬಂದ ಕೂಡಲೇ, ಕೊನೆಯ ದಿನಕ್ಕೆ ಮುಂಚೆ, ನೇಮಕಾತಿ ಕಚೇರಿಗೆ ಲಿಖಿತವಾಗಿ ಕೇಳಿ: ಈ ಪದವಿ ನಡೆಯುತ್ತದೆಯೇ? ಹಿಂದಿನ ನೇಮಕಾತಿಯಲ್ಲಿ ಇದೇ ಪದವಿಯವರನ್ನು ತೆಗೆದುಕೊಂಡಿದ್ದಾರಾ ಅಂತ ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಆ ಉತ್ತರದ ಒಂದು ಪ್ರತಿಯನ್ನು ನಿಮ್ಮ ವಿಭಾಗದ ಲೈಬ್ರರಿಯಲ್ಲಿ ಇಟ್ಟು ಬನ್ನಿ, ಮುಂದಿನ ಬ್ಯಾಚಿನವರಿಗೆ ಬೇಕಾಗುತ್ತದೆ.